ಹಸಿವಿನ ಕಾಲದ ಪ್ರಧಾನಿ, ಬೊಜ್ಜಿನ ಕಾಲಕ್ಕೊಂದು ಪಾಠ

ಯಾದಗಿರಿ: ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟುವ ಕಾರ್ಯಕ್ಕೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು. ಅದನ್ನು ಇಟ್ಟವರು ಆಗ ಕೇಂದ್ರದಲ್ಲಿ ಖಾತೆರಹಿತ ಸಚಿವರಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿ. ಐದು ದಿನಗಳ ತರುವಾಯ, ಮೇ 27ರಂದು, ಜವಾಹರಲಾಲ್ ನೆಹರೂ ನಿಧನರಾದರು. ಜೂನ್ 9ರಂದು ಶಾಸ್ತ್ರಿಯವರು ದೇಶದ ಎರಡನೆಯ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅಂದು ಅಡಿಗಲ್ಲು ಬಿದ್ದ ಯೋಜನೆಯ ನೀರೇ ಇಂದು ಸುರಪುರ, ಶಹಾಪುರ ಭಾಗದ ಕಾಲುವೆಗಳಲ್ಲಿ ಹರಿಯುತ್ತಿದೆ. ಆಲಮಟ್ಟಿಯ ಜಲಾಶಯಕ್ಕೆ ಅವರ ಹೆಸರನ್ನೇ ಇಡಲಾಗಿದೆ.

ಶಾಸ್ತ್ರಿಯವರನ್ನು ನಾವು ಸಾಮಾನ್ಯವಾಗಿ ನೆನೆಯುವುದು ಸರಳತೆಗಾಗಿ, ಪ್ರಾಮಾಣಿಕತೆಗಾಗಿ ಮತ್ತು 1965ರ ಯುದ್ಧಕಾಲದ ನಾಯಕತ್ವಕ್ಕಾಗಿ. ಜನರು ಏನನ್ನು, ಎಷ್ಟು ಉಣ್ಣುತ್ತಾರೆ ಎಂಬುದು ಸರ್ಕಾರದ ಹೊಣೆಯೂ ಹೌದು ಎಂದು ಭಾವಿಸಿ ಅದಕ್ಕೆ ಬೇಕಾದ ಸಂಸ್ಥೆಗಳನ್ನು ಕಟ್ಟಿದ ಪ್ರಧಾನಿಯೆಂದು ಅವರನ್ನು ನೆನೆಯುವುದು ಕಡಿಮೆ. ಹತ್ತೊಂಬತ್ತು ತಿಂಗಳ ಅವರ ಆಡಳಿತದಲ್ಲಿ ರೂಪುಗೊಂಡ ಆಹಾರ ನೀತಿಯ ಚೌಕಟ್ಟು ಆರು ದಶಕಗಳ ನಂತರವೂ ನಮ್ಮ ತಟ್ಟೆಯನ್ನು ನಿರ್ಧರಿಸುತ್ತಿದೆ. ಅಂದಿನ ಶತ್ರು ಹಸಿವು. ಇಂದು ಅದರ ಪಕ್ಕದಲ್ಲಿಯೇ ಬೊಜ್ಜು ಬಂದು ಕುಳಿತಿದೆ. ಸರ್ಕಾರದ ನೀತಿಯಿಂದ ಬೊಜ್ಜನ್ನು ತಗ್ಗಿಸಲು ಸಾಧ್ಯವೇ ಎಂಬ ಪ್ರಶ್ನೆ ಎದ್ದಿರುವ ಈ ಹೊತ್ತಿನಲ್ಲಿ ಅವರ ಬದುಕನ್ನು ಮತ್ತೊಮ್ಮೆ ಅವಲೋಕಿಸುವುದು ಉಚಿತ.

ಬಡತನದ ಬಾಲ್ಯ

ಶಾಸ್ತ್ರಿಯವರು ಜನಿಸಿದ್ದು 1904ರ ಅಕ್ಟೋಬರ್ 2ರಂದು, ಉತ್ತರಪ್ರದೇಶದ ಮೊಘಲ್‌ಸರಾಯ್‌ನಲ್ಲಿ. ತಂದೆ ಶಾರದಾ ಪ್ರಸಾದ್ ಶ್ರೀವಾಸ್ತವ ಮೊದಲು ಶಾಲಾ ಶಿಕ್ಷಕರಾಗಿದ್ದು, ಬಳಿಕ ಅಲಹಾಬಾದಿನ ಕಂದಾಯ ಕಚೇರಿಯಲ್ಲಿ ಗುಮಾಸ್ತರಾದರು. ಮಗುವಿಗೆ ಇನ್ನೂ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ರಾಮದುಲಾರಿ ದೇವಿ ಮಕ್ಕಳೊಂದಿಗೆ ತವರುಮನೆ ಸೇರಿದರು. ತಾಯಿಯ ತಂದೆಯ ಮನೆಯ ಆಶ್ರಯದಲ್ಲಿಯೇ ಹುಡುಗ ಬೆಳೆದ.

ಮುಂದೆ ವಾರಾಣಸಿಯ ಹರಿಶ್ಚಂದ್ರ ಪ್ರೌಢಶಾಲೆಯಲ್ಲಿ ಓದು. 1921ರಲ್ಲಿ ಮಹಾತ್ಮ ಗಾಂಧಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು, ಪರೀಕ್ಷೆ ಹತ್ತಿರವಿದ್ದಾಗಲೇ ಶಾಲೆ ತೊರೆದರು. ರಾಷ್ಟ್ರೀಯ ಶಿಕ್ಷಣಕ್ಕಾಗಿ ಸ್ಥಾಪಿತವಾದ ಕಾಶಿ ವಿದ್ಯಾಪೀಠದಲ್ಲಿ ಓದು ಮುಂದುವರಿಸಿ 1925ರಲ್ಲಿ ಪದವಿ ಪಡೆದರು. ಆ ಪದವಿಯ ಹೆಸರೇ ಶಾಸ್ತ್ರಿ. ಜಾತಿಸೂಚಕವಾದ ಕುಲನಾಮವನ್ನು ಅವರು ಅದಕ್ಕೂ ಮೊದಲೇ ಕೈಬಿಟ್ಟಿದ್ದರು. ಪದವಿಯ ಹೆಸರು ಕೊನೆಯವರೆಗೂ ಉಳಿಯಿತು.

ಲಾಲಾ ಲಜಪತ ರಾಯ್ ಸ್ಥಾಪಿಸಿದ ಲೋಕ ಸೇವಕ ಮಂಡಲದ ಸದಸ್ಯರಾಗಿ ಅವರು ಸಾರ್ವಜನಿಕ ಜೀವನ ಆರಂಭಿಸಿದರು. 1928ರಲ್ಲಿ ಲಲಿತಾ ದೇವಿಯವರೊಂದಿಗೆ ವಿವಾಹವಾಯಿತು. ವರದಕ್ಷಿಣೆಯ ಸ್ಥಾನದಲ್ಲಿ ಅವರು ಒಪ್ಪಿಕೊಂಡದ್ದು ಒಂದು ಚರಕ ಮತ್ತು ಕೆಲವು ಗಜ ಖಾದಿ ಬಟ್ಟೆ ಮಾತ್ರ. ಸ್ವಾತಂತ್ರ್ಯ ಹೋರಾಟದಲ್ಲಿ ಅವರು ಒಟ್ಟು ಸುಮಾರು ಏಳು ವರ್ಷ ಸೆರೆವಾಸ ಅನುಭವಿಸಿದರು.

ಈ ಅವಧಿಯ ಒಂದು ಪ್ರಸಂಗ ಇಂದಿಗೂ ಪ್ರಚಲಿತದಲ್ಲಿದೆ. ಶಾಸ್ತ್ರಿಯವರು ಸೆರೆಮನೆಯಲ್ಲಿದ್ದಾಗ ಮಂಡಲದಿಂದ ಕುಟುಂಬಕ್ಕೆ ತಿಂಗಳಿಗೆ 50 ರೂಪಾಯಿ ಸಂದಾಯವಾಗುತ್ತಿತ್ತಂತೆ. ಮನೆ ಖರ್ಚು 40 ರೂಪಾಯಿಯಲ್ಲಿ ನಡೆದು 10 ರೂಪಾಯಿ ಉಳಿಯುತ್ತಿದೆ ಎಂಬುದು ಪತ್ನಿಯಿಂದ ತಿಳಿಯುತ್ತಲೇ, ತಮಗೆ 40 ರೂಪಾಯಿ ಸಾಕೆಂದೂ ಉಳಿದದ್ದನ್ನು ಅಗತ್ಯವಿರುವ ಬೇರೊಬ್ಬರಿಗೆ ಕೊಡಬೇಕೆಂದೂ ಅವರು ಮಂಡಲಕ್ಕೆ ಪತ್ರ ಬರೆದರು ಎನ್ನಲಾಗುತ್ತದೆ. ಮಿತಿ ಎಂಬುದು ಅವರ ಪಾಲಿಗೆ ಭಾಷಣದ ವಿಷಯವಾಗಿರಲಿಲ್ಲ, ದಿನನಿತ್ಯದ ರೂಢಿಯಾಗಿತ್ತು.

ಹೊಣೆ ಹೊತ್ತ ರೈಲ್ವೆ ಸಚಿವ

ಸ್ವಾತಂತ್ರ್ಯಾನಂತರ ಉತ್ತರಪ್ರದೇಶದಲ್ಲಿ ಪೊಲೀಸ್ ಮತ್ತು ಸಾರಿಗೆ ಸಚಿವರಾಗಿದ್ದ ಶಾಸ್ತ್ರಿಯವರು 1952ರಲ್ಲಿ ಕೇಂದ್ರದ ರೈಲ್ವೆ ಸಚಿವರಾದರು. ಅವರ ಬದುಕಿನ ಅತ್ಯಂತ ಪ್ರಸಿದ್ಧ ಘಟನೆಗಳಲ್ಲೊಂದು ನಡೆದದ್ದು ನಮ್ಮ ಜಿಲ್ಲೆಯ ನೆರೆಯಲ್ಲಿಯೇ. 1956ರ ಸೆಪ್ಟೆಂಬರ್‌ನಲ್ಲಿ ಮೆಹಬೂಬ್‌ನಗರದ ಬಳಿ ಸೇತುವೆ ಕುಸಿದು ರೈಲು ಅಪಘಾತಕ್ಕೀಡಾಯಿತು. ನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಆಗ ಮೆಹಬೂಬ್‌ನಗರವೂ ಯಾದಗಿರಿ, ಶಹಾಪುರ, ಸುರಪುರಗಳನ್ನು ಒಳಗೊಂಡಿದ್ದ ಗುಲಬರ್ಗಾ ಜಿಲ್ಲೆಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನೈತಿಕ ಹೊಣೆ ಹೊತ್ತು ಶಾಸ್ತ್ರಿಯವರು ರಾಜೀನಾಮೆ ಸಲ್ಲಿಸಿದರು. ನೆಹರೂ ಅದನ್ನು ಅಂಗೀಕರಿಸಲಿಲ್ಲ.

ಅದೇ ವರ್ಷದ ನವೆಂಬರ್‌ನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಮತ್ತೊಂದು ಭೀಕರ ಅಪಘಾತ ಸಂಭವಿಸಿತು. ಶಾಸ್ತ್ರಿಯವರು ಪುನಃ ರಾಜೀನಾಮೆ ಕೊಟ್ಟರು. ಈ ಬಾರಿ ಅದು ಅಂಗೀಕಾರವಾಯಿತು. ಸೇತುವೆಯನ್ನು ಕಟ್ಟಿದವರು ಅವರಲ್ಲ, ರೈಲು ಓಡಿಸಿದವರೂ ಅವರಲ್ಲ. ಆದರೂ ವ್ಯವಸ್ಥೆಯ ಮುಖ್ಯಸ್ಥನೇ ಅದರ ಫಲಕ್ಕೂ ಹೊಣೆ ಎಂಬುದನ್ನು ಅವರು ಆಚರಿಸಿ ತೋರಿಸಿದರು. ಮುಂದೆ ಆಹಾರದ ವಿಷಯದಲ್ಲಿಯೂ ಅವರು ನಡೆದುಕೊಂಡದ್ದು ಇದೇ ಮನೋಭಾವದಿಂದ.

1957ರ ಚುನಾವಣೆಯ ನಂತರ ಸಾರಿಗೆ ಮತ್ತು ಸಂಪರ್ಕ, ಅನಂತರ ವಾಣಿಜ್ಯ ಮತ್ತು ಕೈಗಾರಿಕೆ, 1961ರಿಂದ ಗೃಹ ಖಾತೆಗಳನ್ನು ನಿರ್ವಹಿಸಿದರು. 1963ರಲ್ಲಿ ಕಾಮರಾಜ್ ಯೋಜನೆಯಂತೆ ಪಕ್ಷದ ಕೆಲಸಕ್ಕಾಗಿ ಸಂಪುಟ ತೊರೆದರು. 1964ರ ಜನವರಿಯಲ್ಲಿ ನೆಹರೂ ಅಸ್ವಸ್ಥರಾದಾಗ ಖಾತೆರಹಿತ ಸಚಿವರಾಗಿ ಮರಳಿದರು. ಆ ಅವಧಿಯಲ್ಲಿಯೇ ಅವರು ಆಲಮಟ್ಟಿಗೆ ಬಂದದ್ದು. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ.

ಧಾನ್ಯದ ಕೊರತೆ, ನೀತಿಯ ಹುಟ್ಟು

ಶಾಸ್ತ್ರಿಯವರು ಪ್ರಧಾನಿಯಾದಾಗ ದೇಶ ಅನ್ನಕ್ಕಾಗಿ ಅಮೆರಿಕದತ್ತ ನೋಡುತ್ತಿತ್ತು. ಪಿ.ಎಲ್. 480 ಎಂಬ ಕಾನೂನಿನಡಿ ಅಲ್ಲಿಂದ ಬರುತ್ತಿದ್ದ ಗೋಧಿಯೇ ನಗರಗಳ ಪಡಿತರದ ಆಧಾರವಾಗಿತ್ತು. ಬೆಲೆಗಳು ಏರುತ್ತಿದ್ದವು. ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಪ್ರಧಾನಿಗೆ ಹೃದಯಾಘಾತವೂ ಆಯಿತು. ಚೇತರಿಸಿಕೊಂಡು ಬಂದವರು ಮೊದಲು ಕೈಹಾಕಿದ ಕೆಲಸಗಳಲ್ಲಿ ಆಹಾರವೂ ಒಂದು.

ಉಕ್ಕು ಮತ್ತು ಗಣಿ ಖಾತೆ ನೋಡಿಕೊಳ್ಳುತ್ತಿದ್ದ ಸಿ. ಸುಬ್ರಮಣಿಯಂ ಅವರನ್ನು ಆಹಾರ ಮತ್ತು ಕೃಷಿ ಖಾತೆಗೆ ತಂದರು. ಕೃಷಿ ಖಾತೆಯನ್ನು ರಾಜಕೀಯವಾಗಿ ಕೈಸುಡುವ ಖಾತೆಯೆಂದು ಭಾವಿಸಲಾಗುತ್ತಿದ್ದ ಕಾಲವದು. ಬೆಳೆದ ಧಾನ್ಯಕ್ಕೆ ನಿಶ್ಚಿತ ಬೆಲೆ ಇಲ್ಲದಿದ್ದರೆ ರೈತ ಹೆಚ್ಚು ಬೆಳೆಯಲಾರ ಎಂಬುದು ಅವರ ತರ್ಕವಾಗಿತ್ತು. ಪ್ರಧಾನಿ ಅದಕ್ಕೆ ಬೆಂಬಲವಾಗಿ ನಿಂತರು. 1965ರ ಜನವರಿಯಲ್ಲಿ ಎರಡು ಸಂಸ್ಥೆಗಳು ಅಸ್ತಿತ್ವಕ್ಕೆ ಬಂದವು. ಒಂದು, ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೃಷಿ ಬೆಲೆ ಆಯೋಗ. ಇನ್ನೊಂದು, ಆ ಬೆಲೆಗೆ ಧಾನ್ಯ ಕೊಂಡು, ದಾಸ್ತಾನು ಮಾಡಿ, ಪಡಿತರಕ್ಕೆ ಒದಗಿಸುವ ಭಾರತೀಯ ಆಹಾರ ನಿಗಮ. ಅದೇ ವರ್ಷ ಹೆಚ್ಚು ಇಳುವರಿಯ ಮೆಕ್ಸಿಕನ್ ಗೋಧಿ ಬೀಜವನ್ನು ತರಿಸುವ ಕೆಲಸವೂ ಆರಂಭವಾಯಿತು.

ಹಾಲಿನ ವಿಷಯದಲ್ಲಿಯೂ ಅವರ ಕ್ರಮ ಇದೇ ಬಗೆಯದು. 1964ರ ಅಕ್ಟೋಬರ್ ಕೊನೆಯಲ್ಲಿ ಗುಜರಾತಿನ ಆಣಂದಕ್ಕೆ ಅಮೂಲ್ ಸಂಸ್ಥೆಯ ಪಶು ಆಹಾರ ಕಾರ್ಖಾನೆಯ ಉದ್ಘಾಟನೆಗೆ ಹೋದ ಪ್ರಧಾನಿ, ಅದಕ್ಕೂ ಮೊದಲು ಅಲ್ಲಿಯ ಹಳ್ಳಿಯೊಂದರಲ್ಲಿ ರೈತನ ಮನೆಯಲ್ಲಿ ರಾತ್ರಿ ತಂಗಿದರು. ಹಾಲು ಮಾರುವವರು ಯಾರು, ಹಣ ಯಾರ ಕೈಸೇರುತ್ತದೆ ಎಂಬುದನ್ನು ಜನರಿಂದಲೇ ಕೇಳಿ ತಿಳಿದರು. ಫಲವಾಗಿ 1965ರಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಅದರ ಕೇಂದ್ರ ದೆಹಲಿಯಲ್ಲಿ ಇರಲಿಲ್ಲ, ಆಣಂದದಲ್ಲಿಯೇ ನೆಲೆಗೊಂಡಿತು. ವರ್ಗೀಸ್ ಕುರಿಯನ್ ಅದರ ಸಾರಥ್ಯ ವಹಿಸಿದರು. ನಮ್ಮ ರಾಜ್ಯದ ಹಾಲು ಒಕ್ಕೂಟಗಳು ಅನುಸರಿಸಿದ್ದು ಆಣಂದದ ಮಾದರಿಯನ್ನೇ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಹಾಲು ಕೊಡಲು ಸಾಧ್ಯವಾದದ್ದರ ಹಿಂದೆ ಈ ದೀರ್ಘ ಪರಂಪರೆಯಿದೆ.

ಸೋಮವಾರದ ರಾತ್ರಿ

1965ರಲ್ಲಿ ಮಳೆ ಕೈಕೊಟ್ಟಿತು. ಹಿಂದಿನ ವರ್ಷ ಸುಮಾರು 8.9 ಕೋಟಿ ಟನ್ ಇದ್ದ ದೇಶದ ಆಹಾರಧಾನ್ಯ ಉತ್ಪಾದನೆ 1965-66ರಲ್ಲಿ ಸುಮಾರು 7.2 ಕೋಟಿ ಟನ್‌ಗೆ ಕುಸಿಯಿತು. ಅದೇ ವೇಳೆಗೆ ಪಾಕಿಸ್ತಾನದೊಂದಿಗೆ ಯುದ್ಧ. ಅಮೆರಿಕ ಧಾನ್ಯದ ಒಪ್ಪಂದವನ್ನು ದೀರ್ಘಾವಧಿಗೆ ನವೀಕರಿಸದೆ, ಅಲ್ಪಾವಧಿಯ ಕಂತುಗಳಲ್ಲಿ ಹಡಗು ಬಿಡುವ ನೀತಿ ಅನುಸರಿಸಿತು. ಧಾನ್ಯವೂ ರಾಜತಾಂತ್ರಿಕ ಒತ್ತಡದ ಸಾಧನವಾಗಿತ್ತು.

ಆಗ ಶಾಸ್ತ್ರಿಯವರು ಮಾಡಿದ ಮನವಿ ಹಳೆಯ ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. ವಾರಕ್ಕೆ ಒಂದು ಹೊತ್ತಿನ ಊಟ ಬಿಡಬೇಕೆಂದು ಅವರು ದೇಶವನ್ನು ಕೇಳಿಕೊಂಡರು. ಸೋಮವಾರ ಸಂಜೆ ಎಂದು ಗೊತ್ತಾಯಿತು. ದೇಶಕ್ಕೆ ಹೇಳುವ ಮೊದಲು ತಮ್ಮ ಮನೆಯಲ್ಲಿ ಪತ್ನಿ, ಮಕ್ಕಳೊಡನೆ ಅದನ್ನು ಆಚರಿಸಿ ನೋಡಿದರು. ಹಲವು ನಗರಗಳಲ್ಲಿ ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕಿದವು. ಅಧಿಕೃತ ನಿವಾಸದ ಹುಲ್ಲುಹಾಸನ್ನು ಉಳುಮೆ ಮಾಡಿಸಿ ಬೆಳೆ ಹಾಕಿಸಿದರು. ಗಡಿ ಕಾಯುವ ಯೋಧನಿಗೂ ನೆಲ ಉಳುವ ರೈತನಿಗೂ ಒಟ್ಟಿಗೇ ಜಯಕಾರ ಹೇಳುವ ಅವರ ಘೋಷಣೆ ಮನೆಮಾತಾದದ್ದು ಇದೇ ಕಾಲದಲ್ಲಿ.

ಆ ಉಪವಾಸ ದೇಹದ ತೂಕ ಇಳಿಸಲಿಕ್ಕಾಗಿ ಆಗಿರಲಿಲ್ಲ. ಉಂಡವನ ಒಂದು ತುತ್ತು ಉಣ್ಣದವನಿಗೆ ತಲುಪಲಿ ಎಂಬುದೇ ಅದರ ಉದ್ದೇಶ. ಆದರೆ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಸ್ತ್ರಿಯವರು ಕೇವಲ ಮನವಿ ಮಾಡಿ ಸುಮ್ಮನಾಗಲಿಲ್ಲ. ಬೆಲೆ, ಖರೀದಿ, ದಾಸ್ತಾನು, ಬೀಜ, ನೀರಾವರಿ ಇವೆಲ್ಲವನ್ನೂ ಅದಕ್ಕೆ ಜೊತೆಗೂಡಿಸಿದರು. ಮನವಿ ಜನರ ಮನಸ್ಸನ್ನು ಮುಟ್ಟಿತು, ನೀತಿ ಕಣಜವನ್ನು ತುಂಬಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಫಲ ಬೇರೆಯಾಗುತ್ತಿತ್ತು.

1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರೊಂದಿಗೆ ಶಾಂತಿ ಒಪ್ಪಂದಕ್ಕೆ ಶಾಸ್ತ್ರಿಯವರು ಸಹಿ ಹಾಕಿದರು. ಅಂದು ರಾತ್ರಿ ಕಳೆದು ಜನವರಿ 11ರ ಬೆಳಗಾಗುವ ಮೊದಲೇ ಅಲ್ಲಿಯೇ ನಿಧನರಾದರು. ಸಾವಿಗೆ ಹೃದಯಾಘಾತ ಕಾರಣವೆಂದು ಅಧಿಕೃತವಾಗಿ ಘೋಷಿಸಲಾಯಿತು. ವಯಸ್ಸು 61. ಆ ವರ್ಷವೇ ಮರಣೋತ್ತರವಾಗಿ ಭಾರತರತ್ನ ಪ್ರದಾನವಾಯಿತು. ಕಾರು ಕೊಳ್ಳಲು ಬ್ಯಾಂಕಿನಿಂದ ಪಡೆದಿದ್ದ 5,000 ರೂಪಾಯಿ ಸಾಲವನ್ನು ಲಲಿತಾ ದೇವಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು.

ಕಾಲುವೆ ಬಂತು, ತಟ್ಟೆ ಬದಲಾಯಿತು

ತಾವು ಅಡಿಗಲ್ಲು ಇಟ್ಟ ಯೋಜನೆಯ ನೀರನ್ನು ಶಾಸ್ತ್ರಿಯವರು ನೋಡಲಿಲ್ಲ. 1980ರ ದಶಕದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆಗೆ ನೀರು ಬಂತು. ಸುರಪುರ, ಶಹಾಪುರ ಭಾಗದ ಎರೆ ಭೂಮಿಯ ಚಿತ್ರವೇ ಬದಲಾಯಿತು. ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ರೂಪಿಸಿದ್ದು ಮುಖ್ಯವಾಗಿ ಕಡಿಮೆ ನೀರು ಬೇಡುವ ಬೆಳೆಗಳಿಗಾಗಿ. ಆದರೆ ಖಚಿತ ಮಾರುಕಟ್ಟೆ ಇದ್ದ ಭತ್ತದತ್ತ ರೈತರು ಹೊರಳಿದರು. ಆಂಧ್ರದಿಂದ ಬಂದ ರೈತರ ಕ್ಯಾಂಪ್‌ಗಳು ತಲೆಯೆತ್ತಿದವು. ಬಿಳಿಜೋಳ, ಸಜ್ಜೆ, ತೊಗರಿ, ಹೆಸರು ಕಾಣುತ್ತಿದ್ದ ಕಡೆಗಳಲ್ಲಿ ಗದ್ದೆಗಳು ಹರಡಿದವು.

ಇದಕ್ಕಾಗಿ ರೈತರನ್ನು ದೂರುವುದು ಸರಿಯಲ್ಲ. ಸರ್ಕಾರ ಯಾವುದನ್ನು ಕೊಳ್ಳುತ್ತದೆಯೋ ಅದನ್ನು ಬೆಳೆಯುವುದು ವ್ಯವಸಾಯದ ಜಾಣತನ. ಬೆಂಬಲ ಬೆಲೆ ಹಲವು ಬೆಳೆಗಳಿಗೆ ಘೋಷಣೆಯಾದರೂ ದೊಡ್ಡ ಪ್ರಮಾಣದ ಖರೀದಿ ನಡೆದದ್ದು ಅಕ್ಕಿ ಮತ್ತು ಗೋಧಿಗೆ. 1960ರ ದಶಕದಲ್ಲಿ ದೇಶದಲ್ಲಿ ಸುಮಾರು 1.8 ಕೋಟಿ ಹೆಕ್ಟೇರ್‌ನಲ್ಲಿ ಜೋಳ ಬೆಳೆಯಲಾಗುತ್ತಿತ್ತು. ಇಂದು ಅದು 50 ಲಕ್ಷ ಹೆಕ್ಟೇರ್‌ಗಿಂತ ಕಡಿಮೆ. ಒಟ್ಟು ಆಹಾರಧಾನ್ಯ ಉತ್ಪಾದನೆ ಮಾತ್ರ 2023-24ರಲ್ಲಿ ಸುಮಾರು 33 ಕೋಟಿ ಟನ್ ತಲುಪಿತು. ಹಸಿವಿನ ವಿರುದ್ಧ ಕಟ್ಟಿದ ಯಂತ್ರ ತನ್ನ ಕೆಲಸವನ್ನು ಮಾಡಿತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ಭಾಗದ ಹಳೆಯ ಊಟದಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇರುತ್ತಿದ್ದವು. ನಾರು, ಬೇಳೆಕಾಳು, ಸೊಪ್ಪು ಒಂದೇ ತಟ್ಟೆಯಲ್ಲಿ ಕೂಡುತ್ತಿದ್ದವು. ಎಲ್ಲರಿಗೂ ಎಲ್ಲ ಕಾಲದಲ್ಲೂ ಅದು ದೊರೆಯುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಬರ ಬಂದಾಗ ರೊಟ್ಟಿಯೂ ಇರಲಿಲ್ಲ. ಆದ್ದರಿಂದ 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆಯಡಿ ಬಡ ಕುಟುಂಬಗಳಿಗೆ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ದೊರೆತಾಗ ಗುಳೆ ಹೋಗುವ ಕುಟುಂಬಗಳ ಪಾಲಿಗೆ ಅದು ನಿಜವಾದ ಆಸರೆಯಾಯಿತು. ಅಕ್ಕಿ ಹೊಟ್ಟೆ ತುಂಬಿಸಿತು. ಬೇಳೆ, ಸೊಪ್ಪು, ಹಾಲು, ಮೊಟ್ಟೆಗಳಿಗೆ ಮಾತ್ರ ಅಂಥದೇ ನಿಶ್ಚಿತ ವ್ಯವಸ್ಥೆ ಬರಲಿಲ್ಲ.

ಎರಡು ಕೊರತೆಗಳ ಜಿಲ್ಲೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019-21ರಲ್ಲಿ ನಡೆಯಿತು. ಅದರಂತೆ ಕರ್ನಾಟಕದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ ಶೇ 30ರಷ್ಟು. ಪುರುಷರಲ್ಲಿಯೂ ಶೇ 30ಕ್ಕಿಂತ ಹೆಚ್ಚು. ಹಿಂದಿನ ಸುತ್ತಿನಲ್ಲಿ ಈ ಎರಡೂ ಪ್ರಮಾಣ ಶೇ 25ಕ್ಕಿಂತ ಕೆಳಗಿದ್ದವು. ಅದೇ ಸಮೀಕ್ಷೆ ಯಾದಗಿರಿ ಜಿಲ್ಲೆಯ ಬಗ್ಗೆ ಹೇಳಿದ್ದು ಬೇರೆಯದನ್ನು. ಇಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಇವೆರಡೂ ಬೇರೆ ಬೇರೆ ಜನರ ಸಮಸ್ಯೆಗಳು, ಒಂದಕ್ಕೊಂದು ಸಂಬಂಧವಿಲ್ಲ ಎಂದು ಭಾವಿಸುವುದು ಸಹಜ. ವೈದ್ಯವಿಜ್ಞಾನ ಹಾಗೆ ಹೇಳುವುದಿಲ್ಲ. ಪುಣೆ ಮತ್ತು ಮೈಸೂರಿನಲ್ಲಿ ದೀರ್ಘಕಾಲ ನಡೆದಿರುವ ಅಧ್ಯಯನಗಳು ಗಮನಾರ್ಹ ಸಂಗತಿಯೊಂದನ್ನು ತೋರಿಸಿವೆ. ಭಾರತದ ನವಜಾತ ಶಿಶುಗಳು ಐರೋಪ್ಯ ಶಿಶುಗಳಿಗಿಂತ ತೂಕದಲ್ಲಿ ಕಡಿಮೆಯಿದ್ದರೂ ಅವುಗಳ ದೇಹದಲ್ಲಿ ಮಾಂಸಖಂಡ ಕಡಿಮೆಯಾದಷ್ಟು ಕೊಬ್ಬು ಕಡಿಮೆಯಾಗಿರುವುದಿಲ್ಲ. ಗರ್ಭದಲ್ಲಿ ಮತ್ತು ಎಳವೆಯಲ್ಲಿ ಪೋಷಣೆ ಸಾಲದೆ ಬೆಳೆದ ದೇಹ, ಮುಂದೆ ಹಿಟ್ಟು, ಎಣ್ಣೆ, ಸಕ್ಕರೆ ಹೇರಳವಾಗಿ ದೊರೆತು ದುಡಿಮೆ ಕಡಿಮೆಯಾದಾಗ ಸೊಂಟದ ಸುತ್ತ ಬೊಜ್ಜು ಕಟ್ಟುತ್ತದೆ, ಸಕ್ಕರೆ ಕಾಯಿಲೆಗೆ ಬೇಗ ತುತ್ತಾಗುತ್ತದೆ. ಇಂದು ಶಹಾಪುರದ ಅಂಗನವಾಡಿಯಲ್ಲಿ ತೂಕ ಸಾಲದೆ ಕುಳಿತಿರುವ ಮಗುವೇ ನಲವತ್ತು ವರ್ಷಗಳ ನಂತರದ ಸಕ್ಕರೆ ಕಾಯಿಲೆಯ ರೋಗಿಯಾಗಬಹುದು. ಹಾಗಾಗಿ ಮಗುವಿನ ಅಪೌಷ್ಟಿಕತೆಯನ್ನು ನೀಗಿಸುವುದು ಮುಂದಿನ ಬೊಜ್ಜನ್ನು ತಡೆಯುವ ಕೆಲಸವೂ ಹೌದು.

ತೆಳ್ಳಗಿದ್ದರೆ ಕ್ಷೇಮ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕೃಶಕಾಯರೂ ಮಿತಾಹಾರಿಯೂ ಆಗಿದ್ದ ಶಾಸ್ತ್ರಿಯವರು ಒಂದಕ್ಕಿಂತ ಹೆಚ್ಚು ಬಾರಿ ಹೃದಯಾಘಾತಕ್ಕೆ ಗುರಿಯಾದರು ಎಂಬುದನ್ನು ನೆನಪಿಡಬೇಕು.

ನೀತಿಯಿಂದ ಏನು ಸಾಧ್ಯ

ಬೊಜ್ಜಿಗೆ ವ್ಯಕ್ತಿಯ ನಾಲಿಗೆ ಚಪಲ ಮತ್ತು ಸೋಮಾರಿತನವೇ ಕಾರಣ ಎಂಬ ಮಾತು ಸಾಮಾನ್ಯ. ಹಸಿವಿನ ಕಾಲದಲ್ಲಿಯೂ ಬಡವನ ಹಸಿವಿಗೆ ಅವನ ಆಲಸ್ಯವೇ ಕಾರಣ ಎನ್ನುವವರು ಇದ್ದರು. ಶಾಸ್ತ್ರಿಯವರ ಸರ್ಕಾರ ಆ ಮಾತನ್ನು ಒಪ್ಪಲಿಲ್ಲ. ಬೆಲೆ, ದಾಸ್ತಾನು, ಪೂರೈಕೆಗಳಲ್ಲಿ ಕಾರಣ ಹುಡುಕಿತು. ಇಂದಿನ ಬೊಜ್ಜಿನ ವಿಷಯದಲ್ಲಿಯೂ ಅದೇ ದಾರಿ ಸೂಕ್ತ.

ಕೆಲವು ಹೆಜ್ಜೆಗಳು ಈಗಾಗಲೇ ಬಿದ್ದಿವೆ. ಕರಿದ ತಿನಿಸು ಮತ್ತು ಬೇಕರಿ ಪದಾರ್ಥಗಳಲ್ಲಿರುವ ಟ್ರಾನ್ಸ್ ಕೊಬ್ಬಿನ ಪ್ರಮಾಣ ಎಣ್ಣೆ, ಕೊಬ್ಬಿನಲ್ಲಿ ಶೇ 2 ಮೀರಬಾರದು ಎಂಬ ನಿಯಮ 2022ರಿಂದ ಜಾರಿಯಲ್ಲಿದೆ. ಶಾಲೆಯ ಆವರಣದಲ್ಲಿ ಮತ್ತು ಅದರ ಸುತ್ತ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆ ಇರುವ ತಿನಿಸುಗಳ ಮಾರಾಟವನ್ನು ನಿರ್ಬಂಧಿಸುವ ನಿಯಮಾವಳಿ 2020ರಲ್ಲಿ ಪ್ರಕಟವಾಯಿತು. ಸಕ್ಕರೆ ಬೆರೆತ ತಂಪು ಪಾನೀಯಗಳ ಮೇಲೆ ಜಿಎಸ್‌ಟಿ ಬಂದಾಗಿನಿಂದ ಒಟ್ಟು ಶೇ 40ರಷ್ಟು ತೆರಿಗೆ ಇದೆ. ಕೇರಳ ಸರ್ಕಾರ 2016ರಲ್ಲಿ ಬರ್ಗರ್, ಪಿಜ್ಜಾಗಳ ಮೇಲೆ ಶೇ 14.5 ತೆರಿಗೆ ವಿಧಿಸಿತ್ತು. 2025ರ ಫೆಬ್ರುವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಬಾನುಲಿ ಭಾಷಣದಲ್ಲಿ ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ತಗ್ಗಿಸುವಂತೆ ಜನರನ್ನು ಕೋರಿದರು. ಅರವತ್ತು ವರ್ಷಗಳ ಅಂತರದಲ್ಲಿ ಇಬ್ಬರು ಪ್ರಧಾನಿಗಳು ಜನರ ತಟ್ಟೆಯನ್ನು ಕುರಿತು ಮನವಿ ಮಾಡಿದರು. ಮೊದಲನೆಯದು ಕೊರತೆಗಾಗಿ, ಎರಡನೆಯದು ಅತಿಯಾದದ್ದಕ್ಕಾಗಿ.

ಮನವಿಯ ಜೊತೆಗೆ ಬೆಲೆ ಮತ್ತು ಪೂರೈಕೆಯೂ ಬದಲಾಗಬೇಕು ಎಂಬುದೇ 1965ರ ಪಾಠ. ಈ ದಿಕ್ಕಿನಲ್ಲಿಯೂ ಆರಂಭವಾಗಿದೆ. ಭಾರತದ ಪ್ರಸ್ತಾವದಂತೆ 2023ನೇ ಇಸವಿಯನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಕರ್ನಾಟಕದಲ್ಲಿ ಸಿರಿಧಾನ್ಯ ಬೆಳೆಯುವವರಿಗೆ ರೈತಸಿರಿ ಯೋಜನೆಯಡಿ ಹೆಕ್ಟೇರ್‌ಗೆ 10,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾಯಿತು. ಉತ್ತರದ ಜಿಲ್ಲೆಗಳ ಪಡಿತರದಲ್ಲಿ ಜೋಳ ಕೊಡುವ ಪ್ರಯತ್ನವೂ ನಡೆಯಿತು. ಮೊದಲು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟಕ್ಕೆ 2021ರ ಡಿಸೆಂಬರ್‌ನಲ್ಲಿ ಯಾದಗಿರಿ ಸೇರಿದಂತೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಸೇರಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಆದರೆ ಇವು ಇನ್ನೂ ಅಂಚಿನ ಪ್ರಯತ್ನಗಳು. ಪಡಿತರದ ಜೋಳ ನಿರಂತರವಾಗಿ ಬರಬೇಕಾದರೆ ಖರೀದಿ ಕೇಂದ್ರಗಳು ಸುಗ್ಗಿಗೆ ಸರಿಯಾಗಿ ತೆರೆಯಬೇಕು, ರೈತರಿಗೆ ಹಣ ವಿಳಂಬವಿಲ್ಲದೆ ಸೇರಬೇಕು, ದಾಸ್ತಾನು ಹುಳು ಹಿಡಿಯದಂತೆ ಉಗ್ರಾಣಗಳಿರಬೇಕು. ಜೋಳಕ್ಕೆ ಭತ್ತದಷ್ಟೇ ಖಚಿತ ಖರೀದಿ ದೊರೆತರೆ ಎಡದಂಡೆಯ ರೈತನೂ ಯೋಚಿಸಿಯಾನು. ಬೇಳೆ ಮತ್ತು ಕಾಳು ಪಡಿತರದ ಕಾಯಂ ಭಾಗವಾದರೆ ತೊಗರಿಯ ನಾಡಿನ ರೈತನಿಗೂ ಬಡವನ ತಟ್ಟೆಗೂ ಏಕಕಾಲಕ್ಕೆ ಲಾಭ. ಶಾಲೆಗೊಂದು ಆಟದ ಮೈದಾನ, ಪಟ್ಟಣಗಳಲ್ಲಿ ನಡೆಯಲು ಯೋಗ್ಯವಾದ ಪಾದಚಾರಿ ಮಾರ್ಗ ಇವೂ ಬೊಜ್ಜು ತಡೆಯುವ ನೀತಿಯ ಅಂಗಗಳೇ. ಮಿರ್ಚಿ ಭಜಿಯ ಬಂಡಿಯವನನ್ನು ಎಬ್ಬಿಸುವುದರಿಂದ ಇದಾವುದೂ ಸಾಧ್ಯವಾಗದು.

ಉಳಿದಿರುವ ಕೆಲಸ

ಶಾಸ್ತ್ರಿಯವರ ಆಡಳಿತಾವಧಿ ಎರಡು ವರ್ಷವನ್ನೂ ಪೂರೈಸಲಿಲ್ಲ. ಅವರು ಕಟ್ಟಿದ ವ್ಯವಸ್ಥೆಯಲ್ಲಿ ದೋಷಗಳಿಲ್ಲವೆಂದಲ್ಲ. ಅಕ್ಕಿ, ಗೋಧಿಗೆ ಸಿಕ್ಕ ಪ್ರಾಶಸ್ತ್ಯ ಜೋಳ, ಸಜ್ಜೆ, ಬೇಳೆಗಳನ್ನು ಹಿಂದೆ ತಳ್ಳಿತು. ಅದನ್ನು ಅಂದಿನವರು ಊಹಿಸಿರಲಾರರು. ಬರಿದಾದ ಕಣಜದ ಮುಂದೆ ನಿಂತವರಿಗೆ ಬೊಜ್ಜಿನ ಚಿಂತೆ ಬರಲು ಸಾಧ್ಯವಿರಲಿಲ್ಲ. ತಮ್ಮ ಕಾಲದ ಪ್ರಶ್ನೆಗೆ ಅವರು ಉತ್ತರ ಕೊಟ್ಟರು. ಆ ಉತ್ತರವನ್ನೇ ಬದಲಿಲ್ಲದೆ ಮುಂದುವರಿಸಿಕೊಂಡು ಬಂದದ್ದು ಅವರ ನಂತರದವರು.

ಸರ್ಕಾರದ ನೀತಿ ಒಂದು ತಲೆಮಾರಿನೊಳಗೆ ಜನರ ಊಟವನ್ನು ಬದಲಿಸಬಲ್ಲದು ಎಂಬುದಕ್ಕೆ ಸುರಪುರ, ಶಹಾಪುರದ ಹೊಲಗಳೇ ನಿದರ್ಶನ. ಹಿಂದೊಮ್ಮೆ ಜೋಳದಿಂದ ಅನ್ನದ ಕಡೆಗೆ ಬದಲಿಸಿದ ನೀತಿ, ಮನಸ್ಸು ಮಾಡಿದರೆ ಸಮತೋಲನದ ಊಟದ ಕಡೆಗೂ ಬದಲಿಸಬಲ್ಲದು. ಪ್ರತಿ ವರ್ಷ ಅಕ್ಟೋಬರ್ 2ರಂದು ಗಾಂಧೀಜಿಯವರ ಭಾವಚಿತ್ರದ ಪಕ್ಕದಲ್ಲಿ ಶಾಸ್ತ್ರಿಯವರ ಚಿತ್ರಕ್ಕೂ ಮಾಲೆ ಹಾಕುತ್ತೇವೆ. ಜಿಲ್ಲೆಯ ಅಂಗನವಾಡಿಯ ತಟ್ಟೆಗೆ ಮೊಟ್ಟೆ, ಬೇಳೆ, ಸೊಪ್ಪು ದಿನವೂ ಬೀಳುವಂತೆ ಮಾಡುವುದು, ಪಡಿತರ ಅಂಗಡಿಯಲ್ಲಿ ಅಕ್ಕಿಯ ಪಕ್ಕ ಜೋಳದ ಚೀಲವೂ ತಪ್ಪದೆ ಇರುವಂತೆ ನೋಡಿಕೊಳ್ಳುವುದು ಅವರಿಗೆ ಸಲ್ಲಿಸಬಹುದಾದ ಹೆಚ್ಚಿನ ಗೌರವ.